ಜಗಳವಿಲ್ಲದ ಸಾಲು

ಈ ದ್ವೀಪದಲ್ಲಿ ಕುಡಿಯುವ ನೀರಿಲ್ಲ. ಮೀನಿದೆ, ಉಪ್ಪಿದೆ, ಗಾಳಿಯಂತೂ ಬೇಡವೆಂದರೂ ಬಿಡುವುದಿಲ್ಲ. ಬಾವಿಗಳೂ ಇವೆ. ಆದರೆ ಮಳೆ ನಿಂತ ಎರಡೇ ತಿಂಗಳಿಗೆ ಅವುಗಳ ನೀರು ಬಾಯಿಗಿಡಲಾರದಷ್ಟು ಉಪ್ಪಾಗುತ್ತದೆ. ಆಮೇಲೆ ಊರು ಒಂದು ದೋಣಿಯನ್ನು ನಂಬಿಕೊಂಡು ಬದುಕುತ್ತದೆ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಳೆ ಕಡಲನ್ನು ಸೇರುವ ಜಾಗವನ್ನು ದಾಟಿ ಆ ದೋಣಿ ಹೊಳೆಯೊಳಗೆ ಸಾಗುತ್ತಿದೆ. ಹುಟ್ಟು ಹಾಕುತ್ತಿರುವವರು ನೀರಕ್ಕನ ಮೈದುನ. ಮುಂದೆ ಕುಕ್ಕರಗಾಲಿನಲ್ಲಿ ಕೂತವರೇ ನೀರಕ್ಕ. ವಯಸ್ಸು ಎಪ್ಪತ್ತರ ಆಚೀಚೆ. ಹುಟ್ಟಿದಾಗ ಇಟ್ಟ ಹೆಸರನ್ನು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಸ್ವಲ್ಪ ದೂರಕ್ಕೊಮ್ಮೆ ಅವರು ಅಂಗೈಯಲ್ಲಿ ನೀರೆತ್ತಿ ಬಾಯಿಗೆ ಹಾಕಿ ಉಗುಳುತ್ತಾರೆ. ಇನ್ನೂ ಮೇಲಕ್ಕೆ ಎಂದು ಕೈ ತೋರಿಸುತ್ತಾರೆ.

"ಅತ್ತಿಗೆ, ನಿಮ್ಮ ನಾಲಿಗೆ ರುಚಿಗೆ ನನ್ನ ತೋಳು ಬಿದ್ದುಹೋಗುತ್ತೆ" ಎಂದು ಮೈದುನ ಗೊಣಗುತ್ತಾರೆ. ದಿನವೂ ಗೊಣಗುತ್ತಾರೆ, ದಿನವೂ ಹುಟ್ಟು ಹಾಕುತ್ತಾರೆ.

ನೀರು ಸಿಹಿಯಾದ ಕಡೆ ದೋಣಿ ನಿಲ್ಲುತ್ತದೆ. ದೋಣಿಯ ನಡುವೆ ಹಲಗೆ ಹೊಡೆದು ಮಾಡಿದ ತೊಟ್ಟಿಯಿದೆ. ಅದರ ತಳದ ಬಿರಡೆ ಕಿತ್ತರೆ ಹೊಳೆ ತಾನಾಗಿ ಒಳಗೆ ಬರುತ್ತದೆ. ನೀರಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೊಟ್ಟಿಯೊಳಗೆ ಇಳಿದು, ಮೊಣಕಾಲು ಮುಳುಗಿದ ಮೇಲೆ ಬಗ್ಗಿ ಬಿರಡೆ ಬಿಗಿಯುತ್ತಾರೆ. ಇಳಿತ ಮುಗಿದು ಕಡಲು ಮತ್ತೆ ಏರುವ ಮೊದಲು ಇದೆಲ್ಲ ಆಗಬೇಕು. ಏರಿತೋ, ಹೊಳೆಯೂ ಉಪ್ಪು.

ದ್ವೀಪದ ಕಟ್ಟೆಯ ಮೇಲೆ ಕೊಡಗಳು ಕಾಯುತ್ತಿವೆ. ಸಾಲು ಅನ್ನುವುದು ಹೆಸರಿಗೆ, ಈಗ ಇರುವುದು ಒಂಬತ್ತೇ ಮನೆ. ಎಲ್ಲರಿಗೂ ಸಾಕಾಗಿ ಮಿಗುವಷ್ಟು ನೀರಿದೆ. ಆದರೂ ದೋಣಿ ಕಟ್ಟೆಗೆ ತಾಗುವ ಮೊದಲೇ ಜಗಳ ಶುರುವಾಗಿರುತ್ತದೆ. ದರ್ಜಿಯ ಹೆಂಡತಿ ತನ್ನ ಕೊಡ ರಾತ್ರಿಯೇ ಇಟ್ಟದ್ದೆನ್ನುತ್ತಾಳೆ. ಇಟ್ಟದ್ದು ಕೊಡವಲ್ಲ, ಬರೀ ಮುಚ್ಚಳ ಎಂದು ಪಕ್ಕದವಳು ಅದನ್ನು ಕಾಲಿನಿಂದ ತಳ್ಳುತ್ತಾಳೆ. ಅವಳ ವಂಶ, ಇವಳ ಸೊಸೆ, ಎಂದೋ ತೆಗೆದುಕೊಂಡು ಹಿಂದಿರುಗಿಸದ ಜರಡಿ, ಎಲ್ಲವೂ ಬೀದಿಗೆ ಬರುತ್ತವೆ. ನೀರಕ್ಕ ಚೊಂಬಿನಲ್ಲಿ ನೀರು ಮೊಗೆಯುತ್ತ ಅವರಿಗೆ ಕೀ ಕೊಡುತ್ತಾರೆ.

"ಇಷ್ಟೇನಾ? ನಿಮ್ಮತ್ತೆ ಆಗಿದ್ರೆ ಇಷ್ಟೊತ್ತಿಗೆ ಜುಟ್ಟು ಕೈಗೆ ಬಂದಿರ್ತಿತ್ತು."

ಹೊಸಬರಿಗೆ ಇದು ತಮಾಷೆ. ಇದು ಶುರುವಾದದ್ದು ನಲವತ್ತು ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ.

ಆಗ ದ್ವೀಪದಲ್ಲಿ ಅರವತ್ತು ಮನೆ. ಬಾವಿಯ ನೀರಿನಲ್ಲಿ ಸೋಪು ನೊರೆ ಕಟ್ಟುತ್ತಿರಲಿಲ್ಲ. ಹೆಂಗಸರ ಕೂದಲು ಹಗ್ಗದಂತೆ ಗಂಟಾಗುತ್ತಿತ್ತು. ದಡದಿಂದ ಬರುವ ನೆಂಟರು ಕೈಯಲ್ಲಿ ಒಂದು ಕ್ಯಾನು ನೀರು ಹಿಡಿದು ಬಂದರೆ ಅದೇ ದೊಡ್ಡ ಮರ್ಯಾದೆ. ಗಂಡ ಹುಟ್ಟು ಹಾಕುತ್ತಿದ್ದರು, ನೀರಕ್ಕ ರುಚಿ ನೋಡುತ್ತಿದ್ದರು. ಎರಡು ವರ್ಷದ ಮಗಳನ್ನು ಅತ್ತೆ ನೋಡಿಕೊಳ್ಳುತ್ತಿದ್ದರು.

ಆ ದಿನ ಮಗುವಿಗೆ ಜ್ವರ, ಭೇದಿ. ಊರಿನಲ್ಲಿ ಎರಡು ದಿನದಿಂದ ನೀರಿರಲಿಲ್ಲ. ಅತ್ತೆ ಮಗುವನ್ನು ಎತ್ತಿಕೊಂಡು, ಹೋಗಿ ಬೇಗ ಬಾ ಎಂದರು. ಆದರೆ ಆ ವರ್ಷ ಉಪ್ಪು ಹೊಳೆಯಲ್ಲಿ ಬಹಳ ಮೇಲಕ್ಕೆ ಏರಿತ್ತು. ಮಾಮೂಲಿ ಜಾಗದಲ್ಲಿ ನೀರು ಸಪ್ಪೆಯಾಗಿರಲಿಲ್ಲ. ಇಲ್ಲೇ ತುಂಬಿಸೋಣ, ಮಗು ಕಾಯುತ್ತಿದೆ ಎಂದರು ಗಂಡ. ನೀರಕ್ಕ ಒಪ್ಪಲಿಲ್ಲ.

"ಜ್ವರದ ಬಾಯಿಗೆ ಉಪ್ಪುನೀರು ಹೇಗೆ ಹಾಕೋದು ಅಂದೆ. ಇನ್ನೂ ಮೇಲಕ್ಕೆ ಹೋಗೋಣ ಅಂದೆ. ಹೋದ್ವಿ."

ಬೆಳಿಗ್ಗೆ ತಿರುಗಿ ಬರಬೇಕಿದ್ದ ದೋಣಿ ಕಟ್ಟೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಸಾಲು ಅಂಗಡಿಯವರೆಗೆ ಬೆಳೆದಿತ್ತು. ಗಂಡ ದೋಣಿಯಲ್ಲೇ ನಿಂತು ಬಿದಿರಿನ ಗಳು ಊರಿ ಹಿಡಿದರು, ನೀರಕ್ಕ ಮೊಗೆದು ಸುರಿದರು. ಯಾರೂ ನುಗ್ಗಲಿಲ್ಲ. ಯಾರೂ ಯಾರ ಕೊಡವನ್ನೂ ತಳ್ಳಲಿಲ್ಲ. ದರ್ಜಿಯ ತಾಯಿಗೆ ಊರೆಲ್ಲ ಇಟ್ಟ ಹೆಸರು ಪಟಾಕಿ. ಅವರೂ ಸದ್ದಿಲ್ಲದೆ ನಿಂತಿದ್ದರು, ಕೈಯಲ್ಲಿ ನೀರಕ್ಕನ ಮನೆಯದೇ ಕೊಡ. ಅತ್ತೆ ಮಗುವನ್ನು ಬಿಟ್ಟು ಬರಲಾಗದೆ ಕೊಟ್ಟು ಕಳಿಸಿರಬೇಕು ಎಂದುಕೊಂಡು ನೀರಕ್ಕ ಕತ್ತಿನವರೆಗೆ ತುಂಬಿಸಿದರು. ಬಿಸಿಲಿಗೆ ಎಲ್ಲರ ನಾಲಿಗೆ ಒಣಗಿದೆಯಾ ಎಂದು ಒಂದು ಚಟಾಕಿಯನ್ನೂ ಹಾರಿಸಿದರು. ಯಾರೂ ನಗಲಿಲ್ಲ.

ಕೊನೆಯ ಕೊಡ ತುಂಬಿದ ಮೇಲೆ ನೀರಕ್ಕನಿಗೆ ಹೇಳಿದರು. ಮಗು ಮಧ್ಯಾಹ್ನವೇ ಹೋಗಿತ್ತು. ಕತ್ತಿನವರೆಗೆ ತುಂಬಿಸಿದ ಆ ಕೊಡದ ನೀರಿನಲ್ಲಿ ಮಗುವನ್ನು ತೊಳೆದರು.

ಎಷ್ಟೋ ವರ್ಷಗಳ ನಂತರ ಪಟಾಕಿ ತಾವಾಗಿಯೇ ಬಾಯಿ ಬಿಟ್ಟರಂತೆ. "ಹೇಳಿದ್ರೆ ನೀನು ಚೊಂಬು ಬಿಸಾಕಿ ಓಡ್ತಿದ್ದೆ. ನಿನ್ನ ಗಂಡನೂ ಓಡ್ತಿದ್ದ. ದೋಣಿ ಹಿಡಿಯೋರು ಯಾರು, ಹಂಚೋರು ಯಾರು? ನುಗ್ಗಾಟದಲ್ಲಿ ಇದ್ದ ನೀರೂ ಚೆಲ್ಲಿಹೋಗ್ತಿತ್ತು. ನಮ್ಮನೇಲೂ ಮಕ್ಕಳಿದ್ರು."

ಈ ಮಾತಿಗೆ ನೀರಕ್ಕನ ಉತ್ತರ ಇಂದಿಗೂ ಬದಲಾಗಿಲ್ಲ.

"ಸರಿನೇ. ಅವರ ಜಾಗದಲ್ಲಿ ನಾನಿದ್ರೂ ಬಾಯಿ ಬಿಡ್ತಿರಲಿಲ್ಲ. ನನಗಿರೋ ಸಿಟ್ಟೇ ಅದು."

ಮಗು ಹೋದ ಮೇಲೆ ಕೆಲವು ದಿನ ಬೇರೆ ಯಾರೋ ದೋಣಿಯಲ್ಲಿ ಹೋಗಿ ನೀರು ತಂದರು. ಅರ್ಧಕ್ಕರ್ಧ ಉಪ್ಪು. ಕೊನೆಗೆ ನೀರಕ್ಕನೇ ಹೊರಟರು. ತಿರುಗಿ ಬಂದಾಗ ಜನ ನಾಚಿಕೆಯಿಂದ ತಲೆ ತಗ್ಗಿಸಿ ಸಾಲಾಗಿ ನಿಂತಿದ್ದರು. ಒಂದು ಸದ್ದಿಲ್ಲ. ನೀರಕ್ಕನ ಕೈಯ ಚೊಂಬು ತೊಟ್ಟಿಯೊಳಗೆ ಬಿತ್ತು. ಮತ್ತೆ ಯಾರ ಮನೆಯಲ್ಲಿ ಏನಾಗಿದೆ ಎಂದು ಒಂದೊಂದೇ ಮುಖ ನೋಡತೊಡಗಿದರು. ಆಗ ಪಟಾಕಿ, ಮುಂದೆ ನಿಂತವಳ ಕೊಡವನ್ನು ಒದ್ದು, ನಿನ್ನಪ್ಪನ ಹೊಳೆಯೇನೇ ಎಂದು ಕಿರುಚಿದರು. ಅವಳೂ ಬಿಡಲಿಲ್ಲ. ಸಾಲು ಪೂರ್ತಿ ಹೊತ್ತಿಕೊಂಡಿತು. ನೀರಕ್ಕ ಬಗ್ಗಿ ಚೊಂಬು ಎತ್ತಿಕೊಂಡರು.

ಅಂದಿನಿಂದ ಕಟ್ಟೆಯಲ್ಲಿ ಜಗಳ ತಪ್ಪಿಲ್ಲ. ಪಟಾಕಿ ಹೋದ ಮೇಲೆ ಸೊಸೆ ಅದನ್ನು ವಹಿಸಿಕೊಂಡಿದ್ದಾಳೆ. ಗಂಡ ಹೋದ ಮೇಲೆ ಹುಟ್ಟು ಮೈದುನನ ಕೈಗೆ ಬಂತು. ದಡದಲ್ಲಿ ಮೀನಿನ ಕಾರ್ಖಾನೆ ಬಂದ ಮೇಲೆ ಮನೆಗಳು ಒಂದೊಂದಾಗಿ ಬೀಗ ಹಾಕಿಕೊಂಡವು.

ಈಗ ಕಡಲ ತಳದಲ್ಲಿ ಪೈಪು ಬರುತ್ತಿದೆ. ಮುಂದಿನ ಬೇಸಿಗೆಗೆ ಮನೆಮನೆಗೆ ನಲ್ಲಿ. ಅಳತೆಗೆ ಬಂದ ಎಂಜಿನಿಯರು, ಏನಾದರೂ ಹೇಳುವುದಿದೆಯಾ ಅಜ್ಜಿ ಎಂದು ಕೇಳಿದರಂತೆ. ಮನೆಮನೆಗೆ ಬೇಡ, ಕಟ್ಟೆಯಲ್ಲೊಂದೇ ನಲ್ಲಿ ಹಾಕಿ ಎನ್ನುವ ಮಾತು ನೀರಕ್ಕನ ತುದಿನಾಲಿಗೆಯಲ್ಲಿತ್ತು. ಪಕ್ಕದಲ್ಲೇ ದರ್ಜಿಯ ಹೆಂಡತಿ ನಿಂತಿದ್ದಳು, ಒಂದು ಕೈ ನೋಯುವ ಸೊಂಟದ ಮೇಲೆ. ನೀರಕ್ಕ ಏನೂ ಇಲ್ಲ ಎಂದರು. ಉಳಿದದ್ದನ್ನು ಈಗ ಹೇಳುತ್ತಾರೆ.

"ನಾನು ಮನೇಲಿ ಕೂತಿರ್ತೀನಿ. ಊರೆಲ್ಲ ಸುಮ್ಮನಿರುತ್ತೆ. ಸುಮ್ಮನಿರೋದು ಯಾಕೆ ಅಂತ ಯಾರನ್ನ ಕೇಳಲಿ?"

ಹೋದದ್ದರ ಲೆಕ್ಕ ಇಷ್ಟು: ಬೀಗ ಬಿದ್ದ ಐವತ್ತೊಂದು ಮನೆ. ಗಂಡ. ಮುಂದಿನ ಬೇಸಿಗೆಗೆ ದೋಣಿ. ಒಂದು ಮಗು.