ಬೀಯುನ್ ಕೆಸರಿನಲ್ಲಿ ಆರಿಸಿದ ಮೀಟರ್

ಮೊದಲು ಆ ಗಾಜಿನ ಪೆಟ್ಟಿಗೆಯ ಮೇಲಿಂದ ಮೂಗು ತೆಗೆ. ನಿನ್ನ ಉಸಿರಿನ ಹಬೆ ಕೂರುತ್ತದೆ, ಆಮೇಲೆ ಒರೆಸುವವಳು ನಾನು. ಮಳೆ, ಚಳಿ, ಬಿಸಿಲು ಯಾವುದಕ್ಕೂ ಕೈಕೊಡದ ಸೈಕಲ್ ಮೀಟರ್ ಬೇಕು ಅಂದೆಯಲ್ಲ? ಹಾಗಾದರೆ ಬಣ್ಣ ನೋಡಿ ಆರಿಸಬೇಡ. ಸ್ಟೂಲು ಎಳೆದುಕೊಂಡು ಕೂತುಕೋ. ಹೇಗೂ ಮಧ್ಯಾಹ್ನದ ಮಳೆ ಹೊಯ್ಯುತ್ತಿದೆ, ಇದು ನಿಲ್ಲುವ ತನಕ ನಮ್ಮ ಪುಲಿ ಊರಿನಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ನಾನು ಬೀಯುನ್ ಕಥೆ ಹೇಳುತ್ತೇನೆ, ಕೇಳಿಸಿಕೊಂಡು ನೀನೇ ಆರಿಸು.

ಬೀಯುನ್ ಅಂದರೆ ಸೇತುವೆಯಾಚೆಯ ನೀರುಕಳಲೆ ಗದ್ದೆಗಳಲ್ಲಿ ಕೆಲಸ ಮಾಡುವವಳು. ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ಹಾಕಿಕೊಂಡು, ಹಣೆಗೆ ದೀಪ ಕಟ್ಟಿಕೊಂಡು, ಬೆಳಗಾಗುವ ಮೊದಲೇ ನೀರಿಗಿಳಿಯುತ್ತಾಳೆ. ಬಿಸಿಲೇರಿದ ಮೇಲೆ ಶೆಡ್ಡಿನಲ್ಲಿ ಕೂತು ಸಿಪ್ಪೆ ಸುಲಿಯುವ ಕೆಲಸ. ಅಲ್ಲೂ ನೀರೇ. ಆ ಕಳಲೆ ಒಣಗಿದರೆ ಹಸಿರಾಗುತ್ತದೆ, ಹಸಿರಾದದ್ದನ್ನು ಯಾರು ಕೊಳ್ಳುತ್ತಾರೆ? ಅವಳ ಬೆರಳ ತುದಿಗಳನ್ನು ನೀನು ನೋಡಬೇಕು, ಹುಣ್ಣಿಮೆಗೂ ಅಮಾವಾಸ್ಯೆಗೂ ಒಂದೇ ಥರ ಸುಕ್ಕು. ಗಂಡ ಬೇಗ ಹೋದ. ಮಗಳನ್ನು ಅವಳೊಬ್ಬಳೇ ಓದಿಸಿ ತೈಚುಂಗ್ ನಗರಕ್ಕೆ ಮದುವೆ ಮಾಡಿ ಕಳಿಸಿದಳು. ಮಗಳು ಬಿಟ್ಟುಹೋದದ್ದು ಒಂದು ಸೈಕಲ್. ಬೀಯುನ್ ಅದನ್ನು ಹತ್ತಿ ಗದ್ದೆಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಒಂದು ದಿನ ಅದೇನು ತಲೆಗೆ ಹೊಕ್ಕಿತೋ, ಹಾಗೇ ತುಳಿಯುತ್ತಾ ವೂಶೆ ಊರಿನವರೆಗೂ ಬೆಟ್ಟ ಹತ್ತಿಬಿಟ್ಟಳು. ಇಳಿಯುವಾಗ ಬ್ರೇಕಿನ ರಬ್ಬರೆಲ್ಲ ಸುಟ್ಟುಹೋಗಿ, ವಾಸನೆ ಹೊಡೆಯುವ ಸೈಕಲನ್ನು ತಳ್ಳಿಕೊಂಡು ನಮ್ಮ ಅಂಗಡಿಗೆ ಬಂದಳು.

ನಮ್ಮ ಯಜಮಾನರು ಶುಯಿಮೂ ಸುಟ್ಟ ರಬ್ಬರ್ ಕೈಯಲ್ಲಿ ಹಿಡಿದುಕೊಂಡು ಕೇಳಿದರು, "ಯಾರಮ್ಮಾ ಅಟ್ಟಿಸ್ಕೊಂಡ್ ಬಂದ್ರು ನಿನ್ನ?"

"ಯಾರೂ ಇಲ್ಲ ದೊಡ್ಡಪ್ಪ. ಇನ್ನೂ ಮೇಲಕ್ಕೆ ರಸ್ತೆ ಇತ್ತು. ಅಕ್ಕಿ ನೆನೆಹಾಕಿ ಬಂದಿದ್ದೆ, ಅದಕ್ಕೆ ವಾಪಸ್ ಬಂದೆ."

ಶುಯಿಮೂ ನಕ್ಕಿದ್ದು ಕಡಿಮೆ. ಅವತ್ತು ಚಹಾ ಚೆಲ್ಲಿಕೊಂಡು ನಕ್ಕರು. ಅವರ ಆ ಬಿಳಿ ಬನಿಯನ್ ಮೇಲಿನ ಚಹಾದ ಕಲೆ ನಾನೆಷ್ಟು ಒಗೆದರೂ ಹೋಗಲಿಲ್ಲ. ಇರಲಿ ಬಿಡು, ಅದು ಬೇರೆ ಮಾತು.

ಆ ಮೇಲಕ್ಕೆ ಹೋಗುವ ರಸ್ತೆ ಎಲ್ಲಿಗೆ ಹೋಗುತ್ತದೆ ಅಂತ ನಿನಗೆ ಗೊತ್ತು. ವೂಲಿಂಗ್. ಮೋಡಕ್ಕಿಂತ ಮೇಲೆ. ಶರತ್ಕಾಲದಲ್ಲಿ ನಮ್ಮ ಕಡೆಯವರು ಒಂದು ಸ್ಪರ್ಧೆ ಇಡುತ್ತಾರೆ, ಪುಲಿಯಿಂದ ಹೊರಟು ತುದಿಯವರೆಗೆ. ಹಿಂದಿನಿಂದ ಹಳದಿ ದೀಪದ ಗಾಡಿಯೊಂದು ನಿಧಾನವಾಗಿ ಬರುತ್ತದೆ. ಅದು ನಿನ್ನನ್ನು ದಾಟಿತೋ, ನಿನ್ನ ಕಥೆ ಮುಗಿಯಿತು. ಸೈಕಲನ್ನೂ ನಿನ್ನನ್ನೂ ಒಳಗೆ ಹಾಕಿಕೊಂಡು ಬರುತ್ತಾರೆ. ಬೀಯುನ್‌ಗೆ ಬಹುಮಾನ ಬೇಡ, ಹೆಸರು ಬೇಡ. ಗಾಡಿಗಿಂತ ಮುಂಚೆ ತುದಿ ಮುಟ್ಟಬೇಕು, ಅಷ್ಟೇ. ಆದರೆ ಎರಡು ಸಲ ಅವಳು ಆ ಗಾಡಿಯೊಳಗೆ ಕೂತು ಬಂದಿದ್ದಳು.

ಅವಳ ತೊಂದರೆ ಏನು ಗೊತ್ತೇ? ಅವಳ ಶಕ್ತಿಯೇ ಅವಳ ತೊಂದರೆ. ಇಷ್ಟು ವರ್ಷ ಕೆಸರಿನಿಂದ ಕಾಲು ಕಿತ್ತು ಕಿತ್ತು ಇಟ್ಟವಳು. ಡಾಂಬರು ಸಿಕ್ಕಿತು ಅಂದರೆ ಎತ್ತಿನ ಹಾಗೆ ನುಗ್ಗುತ್ತಾಳೆ. ವೂಶೆಯವರೆಗೆ ಹುಡುಗರನ್ನೆಲ್ಲ ಹಿಂದೆ ಹಾಕುತ್ತಾಳೆ. ಕಡಿದಾದ ಏರು ಇರುವುದು ಕೊನೆಯಲ್ಲಿ. ಅಲ್ಲಿಗೆ ಹೋಗುವಷ್ಟರಲ್ಲಿ ಒಲೆ ಆರಿರುತ್ತದೆ.

ಶುಯಿಮೂ ಬೈದು ಹೇಳಿದ್ದರು, "ನಿನ್ನ ಕಾಲಿಗೆ ಬುದ್ಧಿ ಇಲ್ಲ ಬೀಯುನ್. ಎದೆಬಡಿತದ ಲೆಕ್ಕ ಕಣ್ಮುಂದೆ ಇಟ್ಕೊಂಡು ತುಳಿ. ತ್ಸುಯಿಫೆಂಗ್ ತಿರುವು ಬರೋವರ್ಗೂ ನೂರೈವತ್ತು ದಾಟಿಸಿದ್ಯೋ, ನನ್ನ ಅಂಗಡಿ ಮೆಟ್ಲು ಹತ್ಬೇಡ."

ಎದೆಗೆ ಕಟ್ಟುವ ಪಟ್ಟಿಯೊಂದಿರುತ್ತದೆ, ಅದು ಬಡಿತ ಎಣಿಸಿ ಮೀಟರಿಗೆ ಕಳಿಸುತ್ತದೆ. ಮೀಟರ್ ಕಂಡರೆ ಬೀಯುನ್ ಕಾಲು ಸುಮ್ಮನಿರುತ್ತದೆ, ಮೀಟರ್ ಹೋದರೆ ಬೀಯುನ್ ಹೋದಳು. ಮೊದಲನೇ ವರ್ಷ ಸಂತೆಯಲ್ಲಿ ಕೊಂಡ ಅಗ್ಗದ ಮೀಟರ್, ಮಂಜಿನಲ್ಲಿ ಅದರ ಗಾಜಿನೊಳಗೆ ಬಚ್ಚಲುಮನೆ ಕನ್ನಡಿಯ ಹಾಗೆ ಹಬೆ ಕಟ್ಟಿತು. ಎರಡನೇ ವರ್ಷ ನನ್ನ ಮಗ ಮಿಂಗ್‌ತಾಂಗ್ ತಾನೇ ಮುಂದೆ ನಿಂತು ದೊಡ್ಡ ಪರದೆಯದ್ದು ಕೊಟ್ಟ. ಏನು ಬಣ್ಣ, ಏನು ನಕ್ಷೆ! ಬೆರಳಿಂದ ಮುಟ್ಟಿದರೆ ಪುಟ ತಿರುಗುತ್ತಿತ್ತು. ಅರ್ಧ ಬೆಟ್ಟದಲ್ಲಿ ಮಳೆ ಹಿಡಿಯಿತು. ಪ್ರತಿ ಹನಿಯೂ ಒಂದು ಬೆರಳು ತಾನೇ? ಪುಟಗಳು ತಾವಾಗಿಯೇ ಹಾರತೊಡಗಿದವು. "ಸವಾರಿ ಮುಗಿಸಲೇ?" ಅಂತ ಮೀಟರ್ ಕೇಳಿತಂತೆ. ಮಳೆಹನಿಯೇ ಹೌದು ಅಂತ ಒತ್ತಿಬಿಟ್ಟಿತಂತೆ! ಲೆಕ್ಕವಿಲ್ಲದೆ ಬೀಯುನ್ ಎತ್ತಿನಂತೆ ನುಗ್ಗಿದಳು. ಯೂಆನ್‌ಫೆಂಗ್ ಹತ್ತಿರ ಕಾಲು ನಿಂತಿತು, ಗಾಡಿ ಬಂತು.

ಮಾರನೇ ದಿನ ಅಂಗಡಿಯಲ್ಲಿ ಜಗಳ.

"ಮೀಟರ್‌ದೇನೂ ತಪ್ಪಿಲ್ಲ ಅಕ್ಕ," ಅಂದ ಮಿಂಗ್‌ತಾಂಗ್. "ಮಳೆ ಬಂದಾಗ ಪರದೆಗೆ ಬೀಗ ಹಾಕ್ಬೇಕಿತ್ತು."

"ಅದು ಸವಾರಿ ಮುಗಿಸ್ಬಿಟ್ಟ ಮೇಲೆ ಹಾಕ್ದೆ ಕಣಪ್ಪ. ಮತ್ತೆ ಶುರು ಮಾಡೋಕೆ ಬೀಗ ತೆಗೀಬೇಕಂದ್ರೆ ಬೆರಳು ಎಳೀಬೇಕಂತೆ. ನನ್ನ ಬೆರಳನ್ನ ಅದು ಬೆರಳು ಅಂತ ಒಪ್ಕೊಂಡ್ರೆ ತಾನೆ?"

"ಕೈ ಒಣಗಿಸ್ಕೊಂಡು ಮುಟ್ಟಿದ್ರೆ ಆಗ್ತಿತ್ತು."

ನಾನು ಸುಮ್ಮನಿರಲಿಲ್ಲ. "ಅವಳ ಕೈ ಒಣಗಿದ್ದನ್ನ ನೀನು ಯಾವತ್ತು ನೋಡಿದೀಯೋ?"

ಬೀಯುನ್ ಜೊತೆ ಲ್ವಾನ್ ಬಂದಿದ್ದಳು. ವಿಯೆಟ್ನಾಮಿನಿಂದ ಸೊಸೆಯಾಗಿ ಬಂದವಳು, ಗದ್ದೆಯಲ್ಲಿ ಬೀಯುನ್ ಪಕ್ಕದ ಸಾಲು ಅವಳದ್ದು. ನಾಲಿಗೆ ಹಸಿಮೆಣಸಿನಕಾಯಿ. "ಬಿಡಿ ಅಕ್ಕ," ಅಂದಳು, "ಬರೋ ವರ್ಷಾನೂ ಗಾಡೀಲೇ ಬನ್ನಿ. ಹೇಗೂ ಜಾಗ ಇರತ್ತೆ, ಮೇಲಿಂದ ನಮ್ಗೆ ನಾಲ್ಕು ಎಲೆಕೋಸು ತಂದ್ಬಿಡಿ."

ಎಲ್ಲರೂ ನಕ್ಕೆವು. ಬೀಯುನ್ ಕೂಡ ನಕ್ಕಳು, ಆದರೆ ಕಣ್ಣು ನಗಲಿಲ್ಲ. "ಇನ್ನೊಂದ್ಸಲ," ಅಂದಳು. "ಈ ಸಲಾನೂ ಆಗ್ಲಿಲ್ಲ ಅಂದ್ರೆ ಸೈಕಲ್ ಮಾರ್ಬಿಡ್ತೀನಿ ದೊಡ್ಡಮ್ಮ. ಗಾಡಿ ಒಳಗೆ ಕೂತು ಕಿಟಕಿಯಿಂದ ಬೇರೆಯವ್ರು ಹತ್ತೋದನ್ನ ನೋಡೋದಿದೆಯಲ್ಲ, ಅದು ಬೇಡ ನಂಗೆ."

ಆಗ ನನಗೆ ಹೊಳೆಯಿತು. ಮೀಟರನ್ನು ಅಂಗಡಿಯಲ್ಲಿ, ಒಣ ಕೈಯಲ್ಲಿ, ಫ್ಯಾನಿನ ಕೆಳಗೆ ನಿಂತು ಆರಿಸುವುದು ಯಾವ ಬುದ್ಧಿ? ಕಂಪನಿಯವರು ತೋರಿಸಲು ಬಿಟ್ಟುಹೋದ ಮೂರು ಮೀಟರ್ ಮಿಂಗ್‌ತಾಂಗ್ ಹತ್ತಿರ ಇದ್ದವು. ಮೂರನ್ನೂ ತೆಗೆದು ಬೀಯುನ್ ಮಡಿಲಿಗೆ ಹಾಕಿದೆ. "ರಬ್ಬರ್ ಪ್ಯಾಂಟಿನ ಪಟ್ಟಿಗೆ ಕಟ್ಕೋ. ಒಂದೊಂದನ್ನೂ ಅಷ್ಟಷ್ಟು ದಿನ ಗದ್ದೆಗೆ ಇಳ್ಸು. ಯಾವುದು ಬದುಕತ್ತೋ ಅದು ನಿಂದು."

"ಅಮ್ಮಾ! ಅದು ಕೆಸರಿಗೆ ಇಳ್ಸೋ ಸಾಮಾನಲ್ಲ!" ಅಂದ ಮಗ.

"ನೀರು ಹೋಗಲ್ಲ ಅಂತ ಡಬ್ಬದ ಮೇಲೆ ಬರ್ದಿದೆಯೋ ಇಲ್ವೋ?"

"ಬರ್ದಿದೆ..."

"ಮತ್ತೆ? ಬರ್ದೋರು ಸುಳ್ಳು ಹೇಳ್ತಾರಾ?"

ಶುಯಿಮೂ ಚಹಾ ಲೋಟದೊಳಗೆ ಮುಖವಿಟ್ಟುಕೊಂಡು ನಗುತ್ತಿದ್ದರು. ಮಿಂಗ್‌ತಾಂಗ್ ಅವತ್ತು ರಾತ್ರಿ ಊಟಕ್ಕೂ ಸರಿಯಾಗಿ ಕೂರಲಿಲ್ಲ. ನಾನು ಅವನಿಗಿಷ್ಟ ಅಂತ ಕಳಲೆಗೆ ಹಂದಿಮಾಂಸ ಹಾಕಿ ಹುರಿದಿದ್ದೆ, ತಟ್ಟೆಯಲ್ಲೇ ಬಿಟ್ಟ.

ಮೊದಲನೆಯದು ನೋಡಲು ಮುದ್ದಾಗಿತ್ತು, ತೆಳ್ಳಗೆ. ಚಾರ್ಜ್ ಮಾಡುವ ತೂತಿಗೊಂದು ರಬ್ಬರ್ ಮುಚ್ಚಳ. ದಿನಾ ತೆಗೆದು ಹಾಕಿ ಆ ಮುಚ್ಚಳದ ಬಾಲ ಸಡಿಲವಾಯಿತು, ಕೆಸರು ಒಳಗೆ ಹೋಯಿತು, ಮೀಟರ್ ಸತ್ತಿತು. ಎರಡನೆಯದು ನೀರನ್ನು ತಡೆಯಿತು, ಆದರೆ ಬಿಸಿಲೇರಿದರೆ ಪರದೆಯಲ್ಲಿ ಲೆಕ್ಕದ ಬದಲು ಬೀಯುನ್‌ಳ ಮುಖವೇ ಕಾಣುತ್ತಿತ್ತು. ಲ್ವಾನ್ ಅದನ್ನು ಹಿಡಿದುಕೊಂಡು ತುಟಿಗೆ ಬಣ್ಣ ಹಚ್ಚಿಕೊಂಡಳಂತೆ! ಮೂರನೆಯದು ಕುರೂಪಿ. ಕಪ್ಪಗೆ, ದಪ್ಪಗೆ, ಸೋಪಿನ ತುಂಡಿನ ಹಾಗೆ. ಪರದೆ ಬೂದು ಬಣ್ಣ, ಆದರೆ ಬಿಸಿಲು ಹೆಚ್ಚಿದಷ್ಟೂ ಅಂಕಿ ಹೆಚ್ಚು ಸ್ಪಷ್ಟ. ಮುಟ್ಟುವ ವ್ಯವಹಾರವೇ ಇಲ್ಲ, ಪಕ್ಕದಲ್ಲಿ ಒತ್ತುವ ಗುಂಡಿಗಳು. ದಪ್ಪ ಕೈಗವಸು ಹಾಕಿಕೊಂಡು ಒತ್ತಿದರೂ ಟಿಕ್ ಅಂತ ಬೆರಳಿಗೆ ತಿಳಿಯುತ್ತದೆ. ಗಾಜು ಅಂಚಿಗಿಂತ ಒಳಗೆ ಕೂತಿದೆ. ಲಾರಿಯ ಮೇಲಿಂದ ಸಿಮೆಂಟಿಗೆ ಬಿದ್ದಾಗಲೂ ಅಂಚಿಗೆ ಮಾತ್ರ ಗೀರು.

ಅದಕ್ಕೂ ಒಂದು ಹಠ ಇತ್ತು. ಎತ್ತರ ಅಳೆಯಲು ಬೆನ್ನಿನಲ್ಲಿ ಒಂದು ಸಣ್ಣ ರಂಧ್ರ. ಅದರಲ್ಲಿ ಕೆಸರು ಕೂತಿತೋ, ವೂಶೆಯ ಏರನ್ನೂ ಸಮತಟ್ಟು ಅನ್ನುತ್ತಿತ್ತು. ಮಿಂಗ್‌ತಾಂಗ್‌ಗೆ ಅಷ್ಟರಲ್ಲಿ ಕೋಪ ಇಳಿದು ಆಸೆ ಹತ್ತಿತ್ತು, ತಾನೇ ಓಡಿಬಂದು ಹೇಳಿಕೊಟ್ಟ: "ಸೂಜಿ ಹಾಕ್ಬೇಡಿ ಅಕ್ಕ. ಶುದ್ಧ ನೀರಲ್ಲಿ ಅದ್ದಿ ಅಲ್ಲಾಡ್ಸಿ, ಒಣಗಕ್ಕೆ ಬಿಡಿ." ಮೀಟರನ್ನು ಹ್ಯಾಂಡಲಿಗೆ ಕೂರಿಸುವ ಪ್ಲಾಸ್ಟಿಕ್ ಹಿಡಿ ಮುರಿದಾಗ ಲೋಹದ ಹಿಡಿ ತರಿಸಿ ಕೊಟ್ಟವನೂ ಅವನೇ. ಮೀಟರಿನ ಬೆಲೆ ಕೇಳಿದರೆ, "ಕೆಸರಲ್ಲಿ ಮುಳುಗಿದ್ದನ್ನ ಹೊಸದು ಅಂತ ಯಾರಿಗೆ ಮಾರ್ಲಿ?" ಅಂದುಬಿಟ್ಟ.

ಆಮೇಲೆ ಬೀಯುನ್ ಒಂದು ಹವಾಮಾನವನ್ನೂ ಬಿಡಲಿಲ್ಲ. ಚಳಿಗಾಲದ ಬೆಳಗಿನ ಮಂಜು, ವಸಂತ ಮುಗಿಯುವಾಗ ಹಿಡಿದರೆ ಬಿಡದ ಮಳೆ, ಬೇಸಿಗೆಯ ಗುಡುಗು. ಗದ್ದೆ ಕೆಲಸ ಮುಗಿಸಿ ತುಳಿಯುತ್ತಿದ್ದಳು. ನಮ್ಮ ಅಂಗಡಿ ಮುಂದೆ ಹಾದುಹೋಗುವಾಗ ನಿಲ್ಲದೆ, "ದೊಡ್ಡಪ್ಪಾ, ನೂರ ನಲವತ್ತೆಂಟೂ!" ಅಂತ ಕೂಗುತ್ತಿದ್ದಳು. ಬೀದಿಯವರೆಲ್ಲ ಅದೇನೋ ಲಾಟರಿ ನಂಬರ್ ಅಂದುಕೊಂಡಿದ್ದರು. ಎದುರಿನ ನೂಡಲ್ಸ್ ಅಂಗಡಿಯವನು ಆ ನಂಬರಿಗೆ ದುಡ್ಡು ಕಟ್ಟಿ ಸೋತ.

ಸ್ಪರ್ಧೆಯ ದಿನ ಬಂತು. ನಾನು ಸುಮ್ಮನಿರಬೇಕಿತ್ತು, ಆದರೆ ಯಂತ್ರದ ವಿಷಯ ನೋಡು, ಮನಸ್ಸು ತಡೆಯಲಿಲ್ಲ. ನಮ್ಮಲ್ಲಿ ಯಾವ ಯಂತ್ರದ ಪಕ್ಕದಲ್ಲೂ ತೆಂಗಿನ ರುಚಿಯ ಕುರುಕಲಿನ ಹಸಿರು ಪೊಟ್ಟಣ ಇಟ್ಟಿರುತ್ತೇವಲ್ಲ, ಹೇಳಿದ ಮಾತು ಕೇಳಲಿ ಅಂತ, ಆ ಕುರುಕಲಿನ ಹೆಸರಿನ ಅರ್ಥವೇ ಅದು. ನಮ್ಮ ಗಾಳಿ ತುಂಬುವ ಮೆಷೀನಿನ ಮೇಲೂ ಇದೆ, ನೋಡು. ಹಾಗೇ ಒಂದು ಸಣ್ಣ ಹಸಿರು ಪೊಟ್ಟಣವನ್ನು ಬೀಯುನ್‌ಳ ಬೆನ್ನ ಜೇಬಿಗೆ ತುರುಕಿದೆ. ಮಿಂಗ್‌ತಾಂಗ್ ಕೂಡ ಬೇಡ ಅನ್ನಲಿಲ್ಲ. ಹಳದಿ ಪೊಟ್ಟಣ ಇಟ್ಟರೆ ಯಂತ್ರ ಕೈಕೊಡುತ್ತದಂತೆ, ಹಳದಿಯದ್ದಲ್ಲ ತಾನೇ ಅಂತ ಮಾತ್ರ ನೋಡಿದ. ಆಮೇಲೆ ನಾನು, ಶುಯಿಮೂ, ಲ್ವಾನ್ ಶುಂಠಿ ಕಷಾಯದ ಫ್ಲಾಸ್ಕ್ ಹಿಡಿದು ಮಗನ ವ್ಯಾನಿನಲ್ಲಿ ತುದಿಗೆ ಹೋಗಿ ಕಾದು ನಿಂತೆವು.

ಮೇಲೆ ಮಂಜು. ಮಂಜಿನೊಳಗೆ ಮಳೆ. ನನ್ನ ಸೊಂಟದ ನೋವು ಆ ದಿನ ನನಗೇ ಮರೆತುಹೋಗಿತ್ತು ಅಂದರೆ ನೋಡು. ಹುಡುಗರು ಬಂದರು, ಮುದುಕರು ಬಂದರು, ಜಪಾನಿನವನೊಬ್ಬ ಅಳುತ್ತಾ ಬಂದ. ಬೀಯುನ್ ಇಲ್ಲ. ಬರುವವರು ಕಡಿಮೆಯಾಗುತ್ತಾ ಬಂದರು. ಲ್ವಾನ್ ಎಲೆಕೋಸಿನ ಮಾತೆತ್ತಲಿಲ್ಲ, ನನ್ನ ತೋಳು ಹಿಡಿದುಕೊಂಡಿದ್ದಳು.

ಕೆಳಗೆ ನಡೆದದ್ದನ್ನು ಬೀಯುನ್ ಆಮೇಲೆ ಹೇಳಿದಳು. ಈ ಸಲ ಎಲ್ಲ ಸರಿಯಾಗಿ ಹೋಗುತ್ತಿತ್ತಂತೆ. ಹನಿ ಬಿದ್ದರೂ ಅಂಕಿ ಅಲುಗಲಿಲ್ಲ. ವೂಶೆಯಲ್ಲಿ ಹುಡುಗರೆಲ್ಲ ಅವಳನ್ನು ದಾಟಿದರೂ ಹಲ್ಲು ಕಚ್ಚಿ ನೂರೈವತ್ತರೊಳಗೇ ಇದ್ದಳು. ತ್ಸುಯಿಫೆಂಗ್ ತಿರುವು ದಾಟಿದ ಮೇಲೆ ಕಾಲನ್ನು ನುಗ್ಗಲು ಬಿಟ್ಟಳು. ಒಬ್ಬೊಬ್ಬರನ್ನೇ ಹಿಡಿದಳು. ತುದಿಗಿಂತ ಸ್ವಲ್ಪ ಕೆಳಗಿನ ಕುನ್‌ಯಾಂಗ್ ದಾಟಿದ ಮೇಲೆ, ಅಲ್ಲಿ ಗಾಳಿ ತೆಳುವಲ್ಲವೇ, ಜೇಬಿನ ಪೊಟ್ಟಣ ಊದಿ ಊದಿ ಬಲೂನಾಗಿತ್ತು. ಪಟ್! ಬೀಯುನ್ ಟೈರು ಹೋಯಿತು ಅಂದುಕೊಂಡಳು. ಗಕ್ಕನೆ ಇಳಿದು ಎರಡೂ ಟೈರು ಹಿಸುಕಿ ಹಿಸುಕಿ ನೋಡಿದಳು, ಎರಡೂ ಗಟ್ಟಿ. ಕೂತು ಚಕ್ರ ತಿರುಗಿಸಿ ಮೊಳೆ ಹುಡುಕಿದಳು. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಹಳದಿ ದೀಪ ಕಂಡಿತು. ಬೆನ್ನು ಮುಟ್ಟಿಕೊಂಡರೆ ಜೇಬಿನ ತುಂಬ ಕುರುಕಲು! ನನ್ನನ್ನು ಬೈದುಕೊಂಡೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಹತ್ತಿದಳು.

ನಾವು ಮೊದಲು ಕಂಡದ್ದು ಹಳದಿ ದೀಪವನ್ನೇ. ಆಮೇಲೆ ದೀಪದ ಮುಂದೆ ಒಂದು ಕಪ್ಪು ಆಕಾರ. ತಲೆ ತಗ್ಗಿಸಿ, ಎತ್ತಿನ ಹಾಗೆ, ಕೆಸರಿನಿಂದ ಕಾಲು ಕೀಳುವ ಹಾಗೆ ಒಂದೊಂದು ತುಳಿತ.

ಶುಯಿಮೂ ಮಳೆಯಲ್ಲಿ ಕೊಡೆ ಎಸೆದು ಕೂಗಿದರು, "ಈಗ ನೋಡ್ಬೇಡ ಕಣೇ ಮೀಟರ್ನ! ನುಗ್ಗು!"

"ಅಕ್ಕಾ, ಗಾಡಿ ಬಂತು! ಗಾಡಿ!" ಅಂತ ಲ್ವಾನ್ ಗಂಟಲು ಹರಿದುಕೊಂಡಳು. ಗಾಡಿಯೊಳಗೆ ಕೂತವರೂ ಕಿಟಕಿಯಿಂದ ಕೈ ಹೊರಹಾಕಿ ಕೂಗುತ್ತಿದ್ದರು. ಬೀಯುನ್ ನುಗ್ಗಿದಳು. ಗೆರೆ ದಾಟಿದಳು. ಗಾಡಿ ಅವಳ ಹಿಂದೆ ಬಂತು. ಹಿಂದೆ, ಕೇಳಿಸಿತೇ?

ಒದ್ದೆ ಕೈಗವಸಿನಲ್ಲೇ ಗುಂಡಿ ಒತ್ತಿದಳು. ಟಿಕ್. ಒಂದೇ ಒತ್ತಿಗೆ ನಿಂತಿತು. ಸೈಕಲ್ ಮೇಲೆ ಬಾಗಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ಹಾಗೆ ನನ್ನನ್ನು ನೋಡಿ ಅಂದಳು, "ದೊಡ್ಡಮ್ಮಾ, ನಿಮ್ಮ ಪೊಟ್ಟಣಕ್ಕೆ ಬೆಂಕಿ ಬೀಳ!" ಗದ್ದದ ಮೇಲೆಲ್ಲ ತೆಂಗಿನ ಪುಡಿ ಅಂಟಿತ್ತು. ಲ್ವಾನ್ ಅವಳನ್ನು ತಬ್ಬಿಕೊಂಡು ಮೇಲಕ್ಕೆತ್ತಿದಳು, ಸೈಕಲ್ ಸಮೇತ.

ಈಗ ಶೆಡ್ಡಿನ ಹೆಂಗಸರೆಲ್ಲ ಸೈಕಲ್ ಹತ್ತಿ ಸ್ಪರ್ಧೆಗೆ ಹೊರಟಿದ್ದಾರೆ. ಅಪ್ಪಟ ಗದ್ದೆಗಾಲುಗಳು, ಗಾಡಿಯವನಿಗೆ ಬರುವ ವರ್ಷ ಕೆಲಸ ಕಡಿಮೆ. ಬೀಯುನ್ ಮುಂದೆ, ಅವರೆಲ್ಲ ಹಿಂದೆ, ಸಂಜೆ ಹೊತ್ತು ಸಾಲಾಗಿ ಹೋಗುವುದನ್ನು ನೀನೂ ನೋಡುತ್ತೀಯ.

ಮಳೆ ಬಿಟ್ಟಿತು ನೋಡು. ನಿನ್ನ ಮೀಟರ್ ವಿಷಯ ಆಮೇಲೆ. ಈ ಲೋಹದ ಹಿಡಿ ಇದೆಯಲ್ಲ, ಇದು ಲ್ವಾನ್‌ದು. ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಸಿಪ್ಪೆ ಸುಲಿಯುವ ಶೆಡ್ಡು, ಅವಳ ಕೈಗೇ ಕೊಟ್ಟು ಬಾ. ಹ್ಯಾಂಡಲಿನ ಮಧ್ಯಕ್ಕೋ ಬಲಕ್ಕೋ ಎಲ್ಲಿ ಕೂರಿಸಬೇಕು ಅಂತ ಕೇಳಿಕೊಂಡು ಬಾ, ಸಂಜೆ ಅವಳು ಸೈಕಲ್ ತಂದರೆ ಶುಯಿಮೂ ಕೂರಿಸಿಕೊಡುತ್ತಾರೆ. ಬರುವಾಗ ಸುಲಿಯದ ಕಳಲೆ ಒಂದು ಕಟ್ಟು ಹಿಡಿದುಕೊಂಡು ಬಾ, ಮರೆಯಬೇಡ.