ಹಾಸು ಎತ್ತುವವರೆಗೆ ಕೂತ ರಾಜ

ಇವತ್ತು ಬೆಳಗ್ಗೆ ಹತ್ತಿ ಸೀರೆಗೆ ಗಂಜಿ ಹಾಕಿ ಹಿಂಡುತ್ತಿದ್ದಾಗ ಆ ಬೆಚ್ಚನೆಯ ವಾಸನೆ ಮೂಗಿಗೆ ಬಡಿಯಿತು. ದೊಡ್ಡಬಳ್ಳಾಪುರದ ನೇಕಾರರ ಬೀದಿ, ಪಕ್ಕದ ಮನೆಯ ತಾತ, ಅವರ ನಾಯಿ ರಾಜ...

ಅರವತ್ತರ ದಶಕದ ಕೊನೆಯ ಮಾತು ಅದು. ನಾನು ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಾ ಬಾಡಿಗೆ ಮನೆಯಲ್ಲಿದ್ದೆ. ಬೆಳಗಾಗುತ್ತಲೇ ಮಗ್ಗಕ್ಕೆ ಏರಿಸುವ ನೂಲಿನ ಹಾಸನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಕುಂಚದಿಂದ ಅಕ್ಕಿಗಂಜಿ ಹಚ್ಚುತ್ತಿದ್ದರು. ಬಿಸಿಲೇರುವ ಮುಂಚೆ ಮುಗಿಸಿ, ಹಾಸನ್ನು ಸುತ್ತಿ ಎತ್ತಬೇಕು. ಅಷ್ಟು ಹೊತ್ತು ಮಕ್ಕಳೂ ಅಲ್ಲಿ ಓಡುತ್ತಿರಲಿಲ್ಲ. ಆ ಶಿಸ್ತು ನನಗೆ ಬಹಳ ಹಿಡಿಸಿತ್ತು.

ರಾಜನಿಗೆ ಶಿಸ್ತು ತಿಳಿಯದು. ಹೆಣ್ಣುನಾಯಿಯ ಸುಳಿವು ಸಿಕ್ಕರೆ ಎಲ್ಲೆಂದರಲ್ಲಿ ನುಗ್ಗುತ್ತಿತ್ತು. ಒಂದು ದಿನ ಎದುರುಮನೆಯವರ ಹಾಸಿನೊಳಗೆ ಹಾರಿ, ಎಳೆಗಳನ್ನೆಲ್ಲ ಕಾಲಿಗೆ ಸುತ್ತಿಕೊಂಡು ಓಡಿಬಿಟ್ಟಿತು.

"ತಾತ, ಇನ್ನೊಂದ್ ಸಲ ಹಿಂಗಾದ್ರೆ ಗೋಣಿಚೀಲಕ್ಕೆ ಹಾಕ್ಕೊಂಡು ಹೋಗಿ ಸಾಸಲು ಊರಾಚೆ ಬಿಟ್ಬರ್ತೀನಿ," ಎಂದರು ಎದುರುಮನೆಯ ಯಜಮಾನರು. ತಾತ ರಾಜನ ಕಾಲಿಗೆ ಸುತ್ತಿದ್ದ ಎಳೆ ಬಿಡಿಸುತ್ತಾ ಕೂತರು. ಹೆಂಡತಿ ತೀರಿಕೊಂಡ ಮೇಲೆ ಊಟದ ಹೊತ್ತಿಗೆ ಅವರ ಜೊತೆ ಇರುತ್ತಿದ್ದುದು ಅದೊಂದೇ ಜೀವ.

ಹೆಣ್ಣಿನ ಹಿಂದೆ ಹೋಗದ ಹಾಗೆ ಆಪರೇಷನ್ ಮಾಡಿಸಿ ಎಂದು ಹೇಳಿದವಳು ನಾನೇ.

"ಎತ್ತಿಗೆ ಬೀಜ ಒಡ್ಸೋದು ಕೇಳಿದ್ದೆ ಟೀಚರಮ್ಮ, ನಾಯಿಗೂ ಉಂಟಾ?" ಎಂದು ತಾತ ಗಾಬರಿಯಾದರು. ಆದರೂ ನೂಲಿನ ಬುಟ್ಟಿಯಲ್ಲಿ ರಾಜನನ್ನು ಕೂರಿಸಿಕೊಂಡು ನನ್ನ ಜೊತೆ ದನದ ಆಸ್ಪತ್ರೆಗೆ ಬಂದರು.

"ಹೆಣ್ಣಿನ ಹಿಂದೆ ಅಲೆಯೋದು ನಿಧಾನಕ್ಕೆ ಕಮ್ಮಿ ಆಗುತ್ತೆ," ಎಂದರು ಡಾಕ್ಟರು. "ನೀವು ಮುದ್ದು ಮಾಡಿ ಕಲಿಸಿರೋದಕ್ಕೆಲ್ಲ ನನ್ನ ಹತ್ರ ಕತ್ತರಿ ಇಲ್ಲ ತಾತ."

ಹಾಗೇ ಆಯಿತು. ಗಾಯ ಮಾಯಿತು, ಕೆಲವು ವಾರಗಳಲ್ಲಿ ಅಲೆದಾಟ ಇಳಿಯಿತು. ಆದರೆ ಹಾಸು ಕಟ್ಟಿದರೆ ಸಾಕು, ರಾಜ ಮತ್ತೆ ಅದರ ಕೆಳಗೇ ನುಗ್ಗುತ್ತಿತ್ತು. ಕಾರಣ ಹುಡುಕಲು ಬಹಳ ದೂರ ಹೋಗಬೇಕಿರಲಿಲ್ಲ. ತಮ್ಮ ಹಾಸಿನ ಮೇಲೆ ಗಂಜಿ ಹಚ್ಚುತ್ತಲೇ ತಾತ ರಾಜನಿಗೂ ಒಂದು ಬಟ್ಟಲು ಸುರಿಯುತ್ತಿದ್ದರು! ಹಾಸು ಎಂದರೆ ತನ್ನ ಊಟದ ಎಲೆ ಎಂದೇ ಅದು ತಿಳಿದುಕೊಂಡಿತ್ತು.

"ಇನ್ನು ಮೇಲೆ ಹಾಸು ಎತ್ತಿದ ನಂತರ ಗಂಜಿ. ಅದೂ ಹೊಸಿಲಲ್ಲಿ ಕೂತಿದ್ದರೆ ಮಾತ್ರ," ಎಂದೆ.

"ಅದೇನ್ ನಿಮ್ ಇಸ್ಕೂಲ್ ಹುಡುಗನಾ, ಟೀಚರಮ್ಮ?"

"ಅದು ಕಲಿಯುತ್ತೆ ತಾತ. ನೀವು ಕಲಿಯೋದೇ ಕಷ್ಟ."

ಕಷ್ಟವೇ ಆಯಿತು. ಕದ್ದು ತಿನ್ನಿಸಿ ಮೂರ್ನಾಲ್ಕು ಸಲ ಸಿಕ್ಕಿಬಿದ್ದರು. ಪ್ರತಿ ಸಲವೂ ಮೊದಲಿಂದ ಶುರು.

ಎದುರುಮನೆಯವರು ಮತ್ತೆ ಹಾಸು ಕಟ್ಟಿದ ದಿನ, ಎಲ್ಲಿಂದಲೋ ಒಂದು ಹೆಣ್ಣುನಾಯಿ ಬೀದಿಗೆ ಬಂತು. ಕುಂಚ ಹಿಡಿದವರೆಲ್ಲ ನಿಂತಲ್ಲೇ ನಿಂತರು. ರಾಜ ಎದ್ದಿತು. ತಾತ, ಕೂರು ಎಂಬಂತೆ, ಅಂಗೈಯನ್ನು ಕೆಳಗೆ ಮಾಡಿ ತೋರಿಸಿದರು. ರಾಜ ಅತ್ತ ನೋಡಿತು, ಇತ್ತ ನೋಡಿತು... ಕೂತುಕೊಂಡಿತು. ಹಾಸು ಎತ್ತಿದ ಮೇಲೆ ಎದುರುಮನೆಯ ಯಜಮಾನರೇ ಬಟ್ಟಲು ತಂದಿಟ್ಟು, "ತಗೋ ಮಾರಾಯ, ಗೆದ್ದೆ," ಎಂದರು.

ಆಮೇಲೆ ಬೀದಿಯಲ್ಲೆಲ್ಲ ಒಂದೇ ಚರ್ಚೆ. ಇದು ಡಾಕ್ಟರ ಕತ್ತರಿಯ ಗುಣವೋ, ಟೀಚರಮ್ಮನ ಪಾಠವೋ? ಎರಡೂ ಬೇಕಾಯಿತು ಎಂಬುದು ನನ್ನ ಅಭಿಪ್ರಾಯ. ತಾತ ಮಾತ್ರ, "ಎರಡೂ ಅಲ್ಲ ಕಣ್ರೋ. ಅದಕ್ಕೆ ಸಾಸಲು ನೋಡೋ ಆಸೆ ಇರ್ಲಿಲ್ಲ," ಎಂದು ನಗುತ್ತಿದ್ದರು.

ರಾಜನಿಗಿಂತ ಮುಂಚೆ ತಾತ ಹೋದರು. ಅವರ ಮನೆಯ ಮುಂದೆ ಹಾಸು ಕಟ್ಟುವವರಿರಲಿಲ್ಲ. ಆದರೂ ರಾಜ ಬೆಳಗ್ಗೆ ಬಂದು ಹೊಸಿಲಲ್ಲಿ ಕೂರುತ್ತಿತ್ತು. ಕಟ್ಟದ ಹಾಸನ್ನು ಎತ್ತುವವರಾರು? ನಾನು ಗಂಜಿ ಇಟ್ಟರೂ ಮುಟ್ಟದೆ ಬೀದಿಯನ್ನೇ ನೋಡುತ್ತಿತ್ತು. ಕೊನೆಗೆ ಪಕ್ಕದಲ್ಲಿ ಕೂತು, ಹಾಸು ಎತ್ತುವ ಮುಂಚೆ ಕೊಡಬೇಡಿ ಎಂದಿದ್ದ ನಾನೇ, ಕೈಯಲ್ಲಿ ಕುಡಿಸಿದೆ...

ಈಗ ಆ ಬೀದಿಯಲ್ಲಿ ಹಾಸು ಕಟ್ಟುವುದಿಲ್ಲ. ಒಳಗೆ ಪವರ್‌ಲೂಮ್‌ಗಳ ಸದ್ದಷ್ಟೇ. ಸೀರೆ ಒಣಹಾಕಿ, ಪಾತ್ರೆಯ ತಳದಲ್ಲಿ ಉಳಿದ ಗಂಜಿಯನ್ನು ಚೆಲ್ಲಲು ಹೊರಟವಳು, ಒಮ್ಮೆ ಹೊಸಿಲ ಕಡೆ ನೋಡಿದೆ.