ನೀಲಿ ಮುಗಿಲಿನ ಚಾನೆಲ್

ನಾನು ಗಿಟಾರ್ ಕೊಂಡದ್ದು ನಲವತ್ತು ದಾಟಿದ ಮೇಲೆ. ಆಗ ನವಲಗುಂದದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಊರಲ್ಲಿ ಹಾರ್ಮೋನಿಯಂ ಕಲಿಸುವವರಿದ್ದರು, ತಬಲಾ ಕಲಿಸುವವರಿದ್ದರು, ಭಜನಾ ಮೇಳಗಳಿಗಂತೂ ಕೊರತೆ ಇರಲಿಲ್ಲ. ಗಿಟಾರ್ ಕಲಿಸುವವರು ಮಾತ್ರ ಯಾರೂ ಸಿಗಲಿಲ್ಲ. ಅದಕ್ಕಾಗಿ ಹುಬ್ಬಳ್ಳಿಗೆ ಓಡಾಡುವಷ್ಟು ಹುರುಪು ನನಗಿರಲಿಲ್ಲ. ಹೀಗಾಗಿ ಇಂಟರ್ನೆಟ್ಟಿನ ವಿಡಿಯೋಗಳೇ ನನಗೆ ಪಾಠಶಾಲೆಯಾದವು.

ಬಹಳಷ್ಟು ಚಾನೆಲ್ ನೋಡಿ, ಬಿಟ್ಟು, ಕೊನೆಗೆ ಮೂರಕ್ಕೆ ಅಂಟಿಕೊಂಡೆ. ಮೊದಲನೆಯದು ಯಾವುದೋ ದೂರದೇಶದ ನರೆಗಡ್ಡದವನದು. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು, ನನಗೂ ತಿಳಿಯುವಷ್ಟು ನಿಧಾನವಾದ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದ. ಪ್ರತಿ ವಿಡಿಯೋದಲ್ಲೂ ಎಲ್ಲೋ ಒಂದು ಕಡೆ ತಪ್ಪು ತಂತಿ ಒತ್ತುತ್ತಿದ್ದ. ಅದನ್ನು ಕತ್ತರಿಸದೆ ಹಾಗೇ ಬಿಡುತ್ತಿದ್ದ. ನನಗೆ ಅವನ ಮೇಲೆ ನಂಬಿಕೆ ಬಂದದ್ದೇ ಅದರಿಂದ. ಎರಡನೆಯದರಲ್ಲಿ ಮುಖವೇ ಕಾಣುತ್ತಿರಲಿಲ್ಲ, ಎರಡು ಕೈ ಮತ್ತು ಒಂದು ಗಿಟಾರ್ ಮಾತ್ರ. ಆ ಕೈಗಳು ನುಡಿಸುತ್ತಿದ್ದದ್ದು ಹಳೆಯ ವಿಡಿಯೋ ಗೇಮುಗಳ ಹಿನ್ನೆಲೆಯ ರಾಗಗಳನ್ನು. ಟಿವಿಗೆ ವೈರು ಸಿಕ್ಕಿಸಿ, ಹಳದಿ ಕ್ಯಾಸೆಟ್ಟಿನ ಬಾಯಿಗೆ ಉಫ್ ಅಂತ ಊದಿ ತುರುಕಿ ಆಡುತ್ತಿದ್ದೆವಲ್ಲ, ಆ ಗೇಮುಗಳು. ಅಳ್ನಾವರದಲ್ಲಿ ನನ್ನ ಸೋದರಮಾವನ ಮನೆಯಲ್ಲಿ ಅಂಥದೊಂದು ಡಬ್ಬಿ ಇತ್ತು. ಸೂಟಿಯಲ್ಲಿ ಅಲ್ಲಿಗೆ ಹೋದಾಗ ದಿನವಿಡೀ ಕಿವಿಗೆ ಬೀಳುತ್ತಿದ್ದ ಆ ಕೀಂಕೀಂ ದನಿಗೆ ಗಿಟಾರಿನಲ್ಲಿ ಇಷ್ಟು ಮಾರ್ದವ ಬರಬಹುದೆಂದು ನಾನು ಎಣಿಸಿರಲಿಲ್ಲ.

ಎರಡನೆಯ ಚಾನೆಲ್ಲಿನಿಂದಲೇ ಮೂರನೆಯದು ಸಿಕ್ಕಿತು. ಅದರವನು ಕೆಟ್ಟುಹೋದ ಹಳೆಯ ಗೇಮ್ ಡಬ್ಬಿಗಳನ್ನು ಬಿಚ್ಚಿ, ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆದು, ಬೆಸುಗೆ ಹಾಕಿ, ಮತ್ತೆ ಚಾಲೂ ಮಾಡುತ್ತಿದ್ದ. ಆಮೇಲೆ ಸಾವಕಾಶವಾಗಿ ಒಂದು ಆಟ ಆಡಿ ತೋರಿಸುತ್ತಿದ್ದ.

ನನ್ನ ಹೆಂಡತಿ ಫೋನಿನಲ್ಲಿ ತನ್ನ ಅಕ್ಕನಿಗೆ ಹೇಳುತ್ತಿದ್ದಳು: “ಬ್ಯಾರೆ ಮಾಸ್ತರ್ರು ಸಂಜೀಕ ತಿರಗ್ಯಾಡಾಕ ಹೋಗ್ತಾರ. ನಮ್ಮ ಮನಿಯವರು ತಂತಿ ತಿಕ್ಕೋತ ಕುಂದರ್ತಾರ.”

ನಾವಿದ್ದದ್ದು ಬಾಡಿಗೆಗೆ, ಮಾಳಿಗೆಯ ಮೇಲೆ. ಕೆಳಗೆ ಮನೆಯೊಡತಿ. ಅರವತ್ತೈದರ ಆಸುಪಾಸಿನ ಮುಸ್ಲಿಂ ಹೆಂಗಸು. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. ಅವರು ಜಮಖಾನ ನೇಯುತ್ತಿದ್ದರು. ಪಡಸಾಲೆಯಲ್ಲಿ ಗೋಡೆಗೆ ಆನಿಸಿದಂತೆ ಎತ್ತರದ ಮಗ್ಗ. ಅದರ ಮುಂದಿನ ಹಲಗೆಯ ಮೇಲೆ ಖಾಲಾ, ಅವರ ಸೊಸೆ ಇಬ್ಬರೂ ಜೋಡಿಯಾಗಿ ಕೂರುತ್ತಿದ್ದರು. ನೇಯ್ದ ನೂಲನ್ನು ಕೆಳಕ್ಕೆ ಬಡಿದು ಗಟ್ಟಿ ಮಾಡಲು ಪಂಜಾ ಎಂಬ ಕಬ್ಬಿಣದ ಸಾಧನವಿರುತ್ತದೆ, ಹುಲಿಯ ಉಗುರಿನ ಹಾಗೆ. ಅದರ ಸದ್ದು ಮೇಲೆ ನಮ್ಮ ಕೋಣೆಗೆ ಚೆನ್ನಾಗಿ ಕೇಳುತ್ತಿತ್ತು. ಶೆಡ್ಡಿನ ಗುರು, ತಾಳದ ಯಂತ್ರವಿಟ್ಟುಕೊಂಡು ಅಭ್ಯಾಸ ಮಾಡಿ ಎನ್ನುತ್ತಿದ್ದ. ನಾನು ಪಂಜಾದ ಸದ್ದಿಗೆ ಹೊಂದಿಸಿ ನುಡಿಸುತ್ತಿದ್ದೆ. ಒಮ್ಮೆ ಖಾಲಾಗೆ ಇದನ್ನು ಹೇಳಿದೆ.

“ನನಗೂ ಗೊತ್ತಾಗೈತ್ರಿ ಮಾಸ್ತರ,” ಅಂದರು. “ನೀವು ಮ್ಯಾಲ ಜೋರ ಮಾಡಿದ್ರ ಇಲ್ಲಿ ನನ್ನ ಕೈನೂ ಜೋರ ಆಗತೈತಿ. ಸಾವಕಾಶ ಬಾರಸ್ರಿ, ರಟ್ಟಿ ನೋಯ್ತಾವು.”

ಆ ವರ್ಷ ಮಳೆಗಾಲದ ಹೊತ್ತಿಗೆ ಸೊಸೆ ಹೆರಿಗೆಗೆಂದು ತವರಿಗೆ, ಶಲವಡಿಗೆ, ಹೋದಳು. ಖಾಲಾ ಒಬ್ಬರೇ ನೇಯುತ್ತಿದ್ದರು. ಅವರ ಎರಡೂ ಕಣ್ಣಿಗೆ ಪರೆ ಬಂದು ಬಹಳ ದಿನವಾಗಿತ್ತು. ಅವರ ಮಗನಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸ. ಅವನು ಹಟ ಹಿಡಿದು ತಾಯಿಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಬಲಗಣ್ಣಿನ ಆಪರೇಷನ್ ಮಾಡಿಸಿದ. ಎಡಗಣ್ಣು ಮುಂದೆ ನೋಡೋಣ ಎಂದು ಡಾಕ್ಟರು ಹೇಳಿದರು. ಬಗ್ಗಬಾರದು, ಭಾರ ಎತ್ತಬಾರದು, ಹತ್ತಿಯ ಧೂಳಿನಲ್ಲಿ ಕೂರಬಾರದು ಎಂದೂ ತಾಕೀತು ಮಾಡಿದರು. ಮಗ್ಗದ ಮೇಲೆ ಅರ್ಧ ನೇಯ್ದ ಜಮಖಾನಕ್ಕೆ ಒಂದು ಹಳೆಯ ಸೀರೆ ಮುಚ್ಚಿದರು. ಕೆಳಗೆ ಸದ್ದು ನಿಂತಿತು.

ಕಪ್ಪು ಕನ್ನಡಕ ಹಾಕಿಕೊಂಡು ಸುಮ್ಮನೆ ಕೂರುವುದು ಖಾಲಾಗೆ ಆಗುತ್ತಿರಲಿಲ್ಲ. ನನ್ನ ಹೆಂಡತಿ ಸಂಜೆ ಚಹಾಕ್ಕೆ ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿ ಕರೆತರತೊಡಗಿದಳು. ನಾನು ಟಿವಿಯಲ್ಲಿ ಎರಡು ಕೈಗಳ ಚಾನೆಲ್ ಹಾಕಿಕೊಂಡು ಕೂತಿರುತ್ತಿದ್ದೆ.

“ಇಂವಾ ಯಾಕ ಮಾತಾಡವಲ್ಲ? ಮೂಕ ಏನ್ರಿ?” ಎಂದು ಮೊದಲ ದಿನ ಕೇಳಿದರು.

“ಇಲ್ರಿ ಖಾಲಾ, ಬರೇ ಬಾರಸ್ತಾನ.”

“ಚಲೋ ಆತು ಬಿಡ್ರಿ. ಮಾತಾಡಿದ್ರ ನಮಗೇನ ತಿಳೀತಿತ್ತು?”

ಆ ವಿಡಿಯೋ ಮುಗಿದು ತನ್ನಷ್ಟಕ್ಕೆ ಮುಂದಿನದು ಶುರುವಾಯಿತು. ಅದು ಗೇಮ್ ಡಬ್ಬಿ ರಿಪೇರಿಯವನದು. ಅವತ್ತಿನ ಆಟದಲ್ಲಿ ಒಂದು ಹಳದಿ ಹಕ್ಕಿ ಗುಡ್ಡದಿಂದ ಗುಡ್ಡಕ್ಕೆ ಹಾರುತ್ತ ಹೋಗಬೇಕು. ಹಳೆಯ ಆಟವಾದ್ದರಿಂದ ಹಕ್ಕಿ, ಗುಡ್ಡ, ಮೋಡ ಎಲ್ಲವೂ ಸಣ್ಣ ಸಣ್ಣ ಚೌಕಗಳಿಂದಲೇ ಆಗಿದ್ದವು. ಹಿಂದೆ ಒಂದೇ ಸಮನೆ ನೀಲಿ ಆಕಾಶ.

ಖಾಲಾ ಚಹಾದ ಕಪ್ಪು ಕೆಳಗಿಟ್ಟರು. ಕಪ್ಪು ಕನ್ನಡಕ ತೆಗೆದರು.

“ಮಾಸ್ತರ, ನಿಂದರಸ್ರಿ ಅದನ್ನ.”

ನಿಲ್ಲಿಸಿದೆ. ಅವರು ಅಂಗೈಯಿಂದ ಎಡಗಣ್ಣು ಮರೆಮಾಡಿ ನೋಡಿದರು. ಆಮೇಲೆ ಬಲಗಣ್ಣು ಮರೆಮಾಡಿ ನೋಡಿದರು. ಮತ್ತೆ ಎಡಗಣ್ಣು.

“ಈ ಕಣ್ಣಾಗ ಮುಗಲು ನೀಲಿ ಐತಿ,” ಅಂದರು. “ಈ ಕಣ್ಣಾಗ ಚಾ ಚೆಲ್ಲಿದಂಗ ಐತಿ.”

ಪರೆ ಬಂದ ಕಣ್ಣಿಗೆ ಬಣ್ಣಗಳು ಹಳದಿ ಮಂಕಾಗಿ ಕಾಣುತ್ತವೆ, ನೀಲಿಯಂತೂ ಬಹಳ ಮಸುಕಾಗುತ್ತದೆ ಎಂದು ನಾನು ಎಲ್ಲೋ ಓದಿದ್ದನ್ನು ಹೇಳಿದೆ. ಖಾಲಾ ಕೇಳಿಸಿಕೊಂಡರೋ ಇಲ್ಲವೋ. “ಇಷ್ಟ ನೀಲಿ ಇರತಿತ್ತು,” ಎಂದು ತಮ್ಮಷ್ಟಕ್ಕೆ ಒಂದೆರಡು ಸಲ ಅಂದರು.

ಅಂದಿನಿಂದ ನನ್ನ ಅಭ್ಯಾಸ ಹಿಂದೆ ಬಿತ್ತು. ಖಾಲಾ ಮೇಲೆ ಬಂದ ಕೂಡಲೇ “ಆ ಮುಗಲಿಂದು ಹಚ್ಚರಿ” ಅನ್ನುತ್ತಿದ್ದರು. ರಿಪೇರಿಯ ಭಾಗ ಅವರಿಗೆ ಬೇಡ. ಆಟ ಬೇಕು. ಆಟದಲ್ಲೂ ಹಕ್ಕಿ ಗೆಲ್ಲುತ್ತದೋ ಬೀಳುತ್ತದೋ ಎಂಬುದು ಬೇಕಿರಲಿಲ್ಲ. ಬಣ್ಣಗಳನ್ನು ಒಂದೊಂದಾಗಿ ಹೆಸರು ಹೇಳಿ ಗುರುತಿಸುತ್ತಿದ್ದರು. ನನ್ನ ಹೆಂಡತಿ “ಹೌದ್ರಿ, ಹೌದ್ರಿ” ಅನ್ನುತ್ತ ಮೆಂತೆಸೊಪ್ಪು ಬಿಡಿಸುತ್ತಿದ್ದಳು.

ಒಂದು ಸಂಜೆ ಅವರು ಬರಲಿಲ್ಲ. ಕೆಳಗಿನಿಂದಲೇ ಕೂಗಿದರು. ಹೋದೆವು. ಖಾಲಾ ಮಗ್ಗದ ಮೇಲಿನ ಸೀರೆ ಸರಿಸಿ, ಅದರ ಮುಂದೆ ನಿಂತಿದ್ದರು. ಎದುರುಬದುರಾಗಿ ನಿಂತ ಎರಡು ನವಿಲಿನ ಜಮಖಾನ ಅದು. ನವಿಲುಗಳು ಮುಗಿದು, ಅವುಗಳ ಮೇಲೆ ಪಟ್ಟಿಯೂ ಒಂದಿಷ್ಟು ಬಂದಿತ್ತು.

“ಈ ಕುತ್ತಿಗಿ ಯಾವ ಬಣ್ಣ ಹೇಳ್ರಿ.”

“ನೀಲಿ,” ಅಂದೆ.

“ಇದು?”

“ಹಸರ್ರಿ.”

“ನಾ ಎರಡೂ ನೀಲಿ ಅಂತ ನೇಯ್ದೀನಿ.”

ದಿನಾ ಅದರ ಮುಂದೆಯೇ ಹಾದು ಹೋಗುತ್ತಿದ್ದ ನಾವು, ನವಿಲುಗಳ ಬಣ್ಣ ಬೇರೆ ಬೇರೆ ಇರುವುದೇ ವಿನ್ಯಾಸ ಎಂದುಕೊಂಡಿದ್ದೆವು. ಖಾಲಾ ಹಲಗೆಯ ಮೇಲೆ ಕೂತುಬಿಟ್ಟರು. ಈ ನವಿಲಿನ ಚಿಂತೆ ಅಷ್ಟಾಗಿ ಇರಲಿಲ್ಲ ಅವರಿಗೆ. ಈ ನಾಲ್ಕಾರು ವರ್ಷದಲ್ಲಿ ತಮ್ಮ ಕೈಯಿಂದ ಎಷ್ಟು ಜಮಖಾನ ಹೀಗೆ ಬಣ್ಣಗೆಟ್ಟು ಮಂದಿಯ ಮನೆ ಸೇರಿವೆಯೋ ಎಂಬುದೇ ಚಿಂತೆ. “ಯಾರೂ ಒಂದು ಮಾತು ಹೇಳಲಿಲ್ಲಲ್ರಿ,” ಅಂದರು. ನನ್ನ ಹೆಂಡತಿ ಬಾಜೂಕ್ಕೆ ಕೂತು ಅವರ ಬೆನ್ನ ಮೇಲೆ ಕೈ ಇಟ್ಟಳು.

ಮನೆಯ ಟ್ರಂಕಿನಲ್ಲಿ ಹೋದ ವರ್ಷ ನೇಯ್ದ ಎರಡು ಜಮಖಾನ ಇದ್ದವು. ಶುಕ್ರವಾರ ಮಗ ಅಂಗಡಿಗೆ ಹೋಗುವ ಮೊದಲು ಅವನ್ನು ಅಂಗಳದಲ್ಲಿ ಬಿಡಿಸಿ ಹಾಸಿದ. ಬೆಳಗಿನ ಬಿಸಿಲು ಚೆನ್ನಾಗಿತ್ತು. ಖಾಲಾ ಬಲಗಣ್ಣೊಂದರಿಂದಲೇ ಅಂಚಿನಿಂದ ಅಂಚಿಗೆ ನೋಡಿದರು. ಒಂದು ಎಳೆಯೂ ತಪ್ಪಿರಲಿಲ್ಲ. ಅವರಿಗೆ ಸಮಾಧಾನವಾದಂತೆ ಕಾಣಿಸಿತು. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

“ಹೋದ ವರ್ಷಾನೂ ಕಣ್ಣು ಹಿಂಗ ಇತ್ತಲ್ರಿ. ಮತ್ತ ಇವು ಹೆಂಗ ಸರಿ ಆದವು?”

ಕಟ್ಟೆಯ ಮೇಲೆ ನಿಂತಿದ್ದ ನನ್ನ ಹೆಂಡತಿ ಹೇಳಿದಳು: “ಅವಾಗ ನಿಮ್ಮ ಸೊಸಿ ಬಾಜೂಕ ಕುಂತಿರ್ತಿದ್ದಳಲ್ರಿ ಖಾಲಾ.”

ಖಾಲಾ ಜಮಖಾನ ಸುತ್ತಿಡಲು ಮಗನಿಗೆ ಕೈಸನ್ನೆ ಮಾಡಿದರು.

ಮುಂದೆ ಕೆಲವು ವಾರಗಳಾದ ಮೇಲೆ ಸೊಸೆ ಹೆಣ್ಣು ಕೂಸಿನೊಂದಿಗೆ ಬಂದಳು. ನಾವು ಕೂಸನ್ನು ನೋಡಲು ಕೆಳಗೆ ಹೋದೆವು. ಮನೆಯೊಳಗೆ ಅವರು ಉರ್ದು ಆಡುತ್ತಿದ್ದರು, ನಾವು ಹೋದರೆ ಕನ್ನಡಕ್ಕೆ ಹೊರಳುತ್ತಿದ್ದರು. ಖಾಲಾ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ತಲೆ ಎತ್ತದೆಯೇ ಸೊಸೆಯನ್ನು ಕೇಳಿದರು:

“ನಾ ನೇಯುವಾಗ ನೀ ನೂಲಿನ ಉಂಡಿ ಬದಲಿ ಮಾಡತಿದ್ದಿ ಏನ?”

ಸೊಸೆ ನಮ್ಮ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ಬದಲಿ ಅಂದ್ರ... ನೀವು ಕೈ ಚಾಚಿದಾಗ ಸರಿ ಬಣ್ಣದ ಉಂಡಿ ಹಂತೇಕ ಸರಸ್ತಿದ್ದೆ. ಅಷ್ಟ.”

“ಯಾವಾಗಿಂದ?”

“ಬಹಳ ದಿನಾ ಆತ್ರಿ ಅಮ್ಮಾ.”

“ಬಾಯಿ ಇರಲಿಲ್ಲೇನ ನಿನಗ? ಹೇಳಬೇಕಿಲ್ಲೇನ?”

“ಹೆಂಗ ಹೇಳೂದ್ರಿ? ನನಗ ಈ ಕೆಲಸ ಕಲಿಸಿದಾಕಿ ನೀವು. ನಿಮಗ ಬಣ್ಣ ತಿಳೀವಲ್ದು ಅಂತ ನಾ ಹೇಳ್ಲೇನು?”

ಖಾಲಾ ಕೂಸನ್ನು ಅವಳ ಕೈಗೆ ಕೊಟ್ಟು ಎದ್ದು ಒಳಗೆ ಹೋದರು. ಆ ದಿನವೆಲ್ಲ ಅತ್ತೆ ಸೊಸೆಯೊಂದಿಗೆ ಮಾತಾಡಲಿಲ್ಲವೆಂದು ಹೆಂಡತಿ ಆಮೇಲೆ ತಿಳಿದುಕೊಂಡು ಬಂದಳು. ಸಿಟ್ಟೋ ನಾಚಿಕೆಯೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ನಾನು ಬಾಡಿಗೆಯವನು.

ಮರುದಿನ ಶಾಲೆಯಿಂದ ಬಂದಾಗ ಇಬ್ಬರೂ ಹಲಗೆಯ ಮೇಲೆ ಕೂತಿದ್ದರು. ನೇಯುತ್ತಿರಲಿಲ್ಲ, ಬಿಚ್ಚುತ್ತಿದ್ದರು. ಹಸಿರು ಕುತ್ತಿಗೆ ತೆಗೆಯಬೇಕಾದರೆ ಅದರ ಮೇಲಿನದೆಲ್ಲ ತೆಗೆಯಬೇಕು. ಎಳೆ ಎಳೆ ಹಿಂದಕ್ಕೆ ಎಳೆದು, ಬಿಚ್ಚಿದ ನೂಲನ್ನು ಮತ್ತೆ ಉಂಡೆ ಸುತ್ತುತ್ತಿದ್ದರು. ತೊಟ್ಟಿಲು ಬಾಜೂಕ್ಕೇ ಇತ್ತು. ಅಳು ಕೇಳಿದರೆ ಇಬ್ಬರಲ್ಲಿ ಯಾರ ಕಾಲು ಖಾಲಿಯೋ ಅವರು ತೂಗುತ್ತಿದ್ದರು. ಖಾಲಾ ನನ್ನನ್ನು ನೋಡಿ, “ಮಾಸ್ತರ, ಈಕೀಗೂ ಆ ಮುಗಲು ತೋರಸ್ರಿ,” ಅಂದರು.

ಸೊಸೆ ಭಾನುವಾರ ಕೂಸನ್ನು ಎತ್ತಿಕೊಂಡು ಮೇಲೆ ಬಂದಳು. ಹಳದಿ ಹಕ್ಕಿ ಬಂದ ಕಡೆ ವಿಡಿಯೋ ನಿಲ್ಲಿಸಿದೆ. ಅವಳು ಹತ್ತಿರ ಹೋಗಿ, ಹಕ್ಕಿಯ ರೆಕ್ಕೆಯ ಚೌಕಗಳನ್ನು ಬೆರಳಿನಿಂದ ಎಣಿಸಿ, ತನ್ನ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. “ಇದು ಅಗದಿ ಸರಳ ಐತ್ರಿ ಸರ. ನವಲಿನಷ್ಟು ತ್ರಾಸಿಲ್ಲ,” ಅಂದಳು. ನವಿಲಿನ ಜಮಖಾನ ಮುಗಿದ ಮೇಲೆ ಉಳಿದ ನೂಲಿನಲ್ಲಿ ಮಗಳಿಗೆಂದು ಒಂದು ಸಣ್ಣ ಹಾಸು ನೇಯ್ದಳು. ನೀಲಿಯ ಮೇಲೆ ಒಂದು ಹಳದಿ ಹಕ್ಕಿ, ಕೆಳಗೆ ಎರಡು ಗುಡ್ಡ.

ಅದರ ಫೋಟೋವನ್ನು ನಾನು ಗೇಮ್ ಡಬ್ಬಿಯ ಚಾನೆಲ್ಲಿನವನಿಗೆ ಮೇಲ್ ಮಾಡಿದೆ. ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಬಂತು. ಇದು ಟಿವಿ ಪರದೆಯ ಫೋಟೋ ಅಲ್ಲವಷ್ಟೇ ಎಂದು ಕೇಳಿದ್ದ. ಹಾಸಿನ ಒಂದು ಮೂಲೆ ಎತ್ತಿ ಹಿಡಿದು ಇನ್ನೊಂದು ಫೋಟೋ ಕಳಿಸಿದೆ. ಮುಂದಿನ ಯಾವುದೋ ವಿಡಿಯೋದ ಕೊನೆಗೆ ಅವನು ಅದನ್ನು ತೋರಿಸಿದ. ಅತ್ತೆ ಸೊಸೆ ಇಬ್ಬರನ್ನೂ ಮೇಲೆ ಕರೆದೆವು. ತೋರಿಸಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು.

“ಅಷ್ಟ ಏನ್ರಿ? ಇನ್ನೊಮ್ಮೆ ಹಚ್ಚರಿ,” ಅಂದರು ಖಾಲಾ. ಇನ್ನೊಮ್ಮೆ ನೋಡಿ, “ಊರ ಹೆಸರು ಹೇಳಿದನೇನು?” ಎಂದು ಕೇಳಿದರು.

“ಹೇಳಿದನ್ರಿ. ಸರಿ ಹೇಳಾಕ ಬರಲಿಲ್ಲ ಅವಗ.”

“ಜಮಖಾನ ಅಂದನೇನು?”

“ಇಲ್ರಿ. ಕಾರ್ಪೆಟ್ ಅಂದ.”

ಖಾಲಾಗೆ ಅದು ಸರಿಬರಲಿಲ್ಲ. “ಕಾರ್ಪೆಟ್ಟಿಗೆ ಒಂದ ಮಗ್ಗಲು. ನಮ್ಮದು ತಿರುವಿ ಹಾಕಿದ್ರೂ ಅದ ಹಕ್ಕಿ. ಬರದ ತಿಳಸ್ರಿ ಅವಗ.” ಬರೆದು ತಿಳಿಸಿದೆ. ಅವನು ವಿಡಿಯೋದ ಕೆಳಗಿನ ಬರಹದಲ್ಲಿ ಜಮಖಾನ ಎಂದು ತಿದ್ದಿದ. ಇಂಗ್ಲಿಷ್ ಅಕ್ಷರದಲ್ಲಿದ್ದ ಆ ಪದವನ್ನು ಸೊಸೆ ಅತ್ತೆಗೆ ಓದಿ ಹೇಳಿದಳು. ನಮಗೂ ಅಂಥದೊಂದು ಬೇಕು ಎಂದು ಅದರಡಿ ಕೆಲವರು ಕೇಳಿದ್ದರು. ಅದು ಕೂಸಿನದು ಎಂದು ಹೇಳಿ ಅತ್ತೆ ಸೊಸೆ ಇಬ್ಬರೂ ಮಾತು ಮುಗಿಸಿದರು.

ಮರುವರ್ಷ ನನಗೆ ಕುಂದಗೋಳಕ್ಕೆ ವರ್ಗವಾಯಿತು. ಶೆಡ್ಡಿನ ಗುರುವಿನ ಪಾಠ ಈಗಲೂ ನೋಡುತ್ತೇನೆ. ನಾಲ್ಕು ಹಾಡು ತಡವರಿಸದೆ ನುಡಿಸಬಲ್ಲೆ, ಅದಕ್ಕಿಂತ ಮುಂದೆ ಹೋಗಿಲ್ಲ. ಗೇಮ್ ಡಬ್ಬಿಯವನು ಇತ್ತೀಚಿನ ಯಂತ್ರಗಳ ಕಡೆ ಹೊರಳಿದ್ದಾನೆ. ಅವುಗಳ ಚಿತ್ರದಲ್ಲಿ ಚೌಕಗಳು ಕಾಣುವುದಿಲ್ಲ, ನನಗೆ ರುಚಿಸುವುದಿಲ್ಲ. ಖಾಲಾರ ಎಡಗಣ್ಣಿನ ಆಪರೇಷನ್ನೂ ಆಗಿದೆ, ಈಗ ಎರಡರಲ್ಲೂ ನೀಲಿ ನೀಲಿಯಾಗಿಯೇ ಕಾಣುತ್ತದಂತೆ. ಆದರೂ ನೇಯಲು ಕೂತಾಗ ನೂಲಿನ ಉಂಡೆ ತಾವು ಆರಿಸುವುದಿಲ್ಲ ಎಂದು ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದರು. ಪಕ್ಕಕ್ಕೆ ನೋಡದೆ ಕೈ ಚಾಚುತ್ತಾರಂತೆ. ಸೊಸೆ ಇಡುತ್ತಾಳಂತೆ.